ಮಣ್ಣಿನ ಮೇಲೆ ಕಾಣುವ ಒಂದಡಿ ಫೋಮ್

ಅಮೆರಿಕದ ಮಿನಿಯಾಪೊಲಿಸ್ ಕಡೆ ಚಳಿಗಾಲದಲ್ಲಿ ನೆಲ ಎಷ್ಟು ಆಳ ಹೆಪ್ಪುಗಟ್ಟುತ್ತದೆಂದರೆ, ಪಾಯವನ್ನು ಕನಿಷ್ಠ 42 ಇಂಚು ಇಳಿಸಲೇಬೇಕು ಅನ್ನುತ್ತದೆ ಇಲ್ಲಿನ ನಿಯಮ. ಅಂಥ ಕಡೆ ಬೇಸ್‌ಮೆಂಟ್ ಗೋಡೆಗೆ ಚಳಿ ತಡೆಯಲು ಹೊರಗಿನಿಂದ ಫೋಮ್ ಹಲಗೆ ಹೊದಿಸುವುದು ಒಳ್ಳೆಯ ಉಪಾಯವೇ. ಮಣ್ಣಿನೊಳಗಿನ ಫೋಮ್‌ಗೆ ಬಿಸಿಲಿನ ಕಾಟವಿಲ್ಲ. ಬೇಗ ಹಾಳಾಗುವುದು ಮೇಲೆ ಕಾಣುವ ಭಾಗ.

ನಾವು ಕೊಂಡ ಮನೆಯಲ್ಲಿ ಹಿಂದಿನವರು ಎರಡಿಂಚು ದಪ್ಪದ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಹಲಗೆ ಹಾಕಿಸಿ, ಮೇಲೇನೂ ಬಳಿಸದೆ ಬಿಟ್ಟಿದ್ದರು. ಗುಲಾಬಿ ಬಣ್ಣ ಬಿಸಿಲಿಗೆ ಹಳದಿಯಾಗಿತ್ತು, ಕೈಯಾಡಿಸಿದರೆ ಪುಡಿ ಮೆತ್ತುತ್ತಿತ್ತು. ಹುಲ್ಲು ಕತ್ತರಿಸುವ ಟ್ರಿಮ್ಮರ್ ಬಡಿದು ಬುಡವೆಲ್ಲ ಇಲಿ ಕಡಿದ ಹಾಗಿತ್ತು. ಒಂದು ಮೂಲೆಯಲ್ಲಿ ಕಾರ್ಪೆಂಟರ್ ಇರುವೆಗಳು ಬೇರೆ. ಅವು ಫೋಮ್ ತಿನ್ನುವುದಿಲ್ಲ, ಕೊರೆದು ಗೂಡು ಕಟ್ಟುತ್ತವೆ. ಮೊದಲು ಅವಕ್ಕೆ ಔಷಧಿ ಇಟ್ಟು, ಆ ತುಂಡನ್ನೇ ಕಿತ್ತೆ.

ಮೇಲೆ ಕಾಣುವ ಫೋಮ್ ಮುಚ್ಚುವ ಹೊದಿಕೆಗೆ ಅಲ್ಯೂಮಿನಿಯಂ ತಗಡು ಹಾಕಬಹುದು, ಆದರೆ ಏನಾದರೂ ತಗುಲಿದರೆ ನೆಗ್ಗುತ್ತದೆ. ಫೈಬರ್ ಸಿಮೆಂಟ್ ಶೀಟೂ ಇದೆ. ನನ್ನ ಗೋಡೆಯಲ್ಲಿ ನಲ್ಲಿ, ಗ್ಯಾಸ್ ಪೈಪು, ಮೂಲೆಗಳು ಜಾಸ್ತಿ ಇದ್ದದ್ದರಿಂದ ಗಾರೆಯನ್ನೇ ಆರಿಸಿಕೊಂಡೆ.

ಅಗೆಯುವ ಮುಂಚೆ, ನೆಲದಡಿಯ ಲೈನುಗಳನ್ನು ಗುರುತಿಸಿಕೊಡುವವರ ನಂಬರ್ 811ಕ್ಕೆ ಫೋನ್ ಮಾಡಿದೆ. ಬಂದು ಗ್ಯಾಸ್ ಲೈನಿಗೆ ಹಳದಿ, ಕರೆಂಟಿಗೆ ಕೆಂಪು ಗುರುತು ಹಾಕಿ ಹೋದರು, ಪುಕ್ಕಟೆ. ಹೊದಿಕೆ ಮಣ್ಣಿನೊಳಗೆ ಆರಿಂಚಾದರೂ ಇಳಿಯಬೇಕೆಂದು ಕೋಡ್, ಅಂದರೆ ಮನೆ ಕಟ್ಟುವ ನಿಯಮಾವಳಿ, ಹೇಳುತ್ತದೆ, ಹಾಗಾಗಿ ಸುತ್ತ ಸ್ವಲ್ಪ ಹೆಚ್ಚೇ ಅಗೆದೆ. ಹೊಸ ತುಂಡು ಕೂರಿಸಲು ಫೋಮ್‌ಗೆಂದೇ ಬರುವ ಅಂಟು ಬೇಕು. ಸಾಲ್ವೆಂಟ್ ಇರುವ ಅಂಟು ಹಲಗೆಯನ್ನೇ ಕರಗಿಸಿಬಿಡುತ್ತದೆ. ಜೊತೆಗೆ ಅಗಲ ವಾಷರ್ ಹಾಕಿ ಕಾಂಕ್ರೀಟ್ ಸ್ಕ್ರೂ ಬಿಗಿದೆ.

ಅತಿ ಬೇಜಾರಿನ ಕೆಲಸ, ಅತಿ ಮುಖ್ಯವಾದದ್ದೂ, ಉಜ್ಜುವುದು. ಹಳದಿಯಾದ ಪದರ ಪೂರ್ತಿ ಹೋಗುವ ತನಕ ಮರಳುಕಾಗದ ಹಾಕಿ ಉಜ್ಜಬೇಕು. ಹೊಸ ಹಲಗೆಯ ನುಣುಪನ್ನೂ ತಂತಿ ಬ್ರಷ್‌ನಿಂದ ಕೆರೆಯಬೇಕು. ಇಲ್ಲದಿದ್ದರೆ ಗಾರೆ ಹಿಡಿಯುವುದಿಲ್ಲ, ಹಾಳೆ ಹಾಳೆಯಾಗಿ ಕಳಚುತ್ತದೆ. ಆ ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ.

ನಮ್ಮೂರ ಗಾರೆಯವರು ಕರಣೆಯಿಂದ ಕಲಸಿದ್ದನ್ನು ಗೋಡೆಗೆ ಬೀಸಿ ಎಸೆಯುತ್ತಾರಲ್ಲ, ಫೋಮ್ ಮೇಲೆ ಅದು ನಡೆಯದು. ಪಾಲಿಮರ್ ಬೆರೆತ ಸಿಮೆಂಟನ್ನು ತೆಳ್ಳಗೆ ಒತ್ತಿ ಎಳೆಯಬೇಕು. ಅದು ಹಸಿಯಿರುವಾಗಲೇ ಫೈಬರ್‌ಗ್ಲಾಸ್ ಜಾಲರಿ ಹುದುಗಿಸಿ, ಜಾಲರಿಯ ಗೆರೆ ಮುಚ್ಚುವಷ್ಟು ಮತ್ತೊಂದು ಕೈ ಬಳಿದೆ. ಜಾಲರಿ ಕ್ಷಾರ ತಡೆಯುವಂಥದ್ದೇ ಆಗಿರಲಿ, ಮಾಮೂಲಿಯದನ್ನು ಸಿಮೆಂಟಿನ ಕ್ಷಾರ ತಿಂದುಹಾಕುತ್ತದೆ. ಮೂಲೆಯಲ್ಲಿ ಕತ್ತರಿಸದೆ ಸುತ್ತಿ ತಂದೆ. ಜೋಡಣೆಯಲ್ಲಿ ಎರಡೂವರೆ ಇಂಚು ಒಂದರ ಮೇಲೊಂದು. ರಾತ್ರಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಸೆಪ್ಟೆಂಬರ್ ಮೊದಲ ವಾರದಲ್ಲೇ ಮುಗಿಸಿದೆ. ಬಿಸಿಲಿಗೆ ಗಾರೆ ಬೇಗ ಒಣಗದಿರಲೆಂದು ದಕ್ಷಿಣದ ಗೋಡೆಗೆ ಹಳೇ ಬೆಡ್‌ಶೀಟ್ ನೆರಳು.

ಫೋಮ್‌ನ ಮೇಲಂಚು ಗೋಡೆಯಿಂದ ಎರಡಿಂಚು ಮುಂದಿರುತ್ತದೆ, ನೀರು ನಿಲ್ಲುವುದು ಅಲ್ಲೇ. ಬರೀ ಕಾಕ್ (ಸಂದು ಮುಚ್ಚುವ ಮೆತ್ತನೆಯ ಅಂಟು) ಬಳಿದು ಕೈತೊಳೆದುಕೊಳ್ಳುವವರಿದ್ದಾರೆ. ಇಲ್ಲಿನ ಚಳಿಗೆ ಅದು ಬಿರಿಯುತ್ತದೆ. ಇಂಗ್ಲಿಷಿನ ಝೆಡ್ ಆಕಾರಕ್ಕೆ ಮಡಿಸಿದ ತಗಡನ್ನು ಸೈಡಿಂಗ್, ಅಂದರೆ ಮೇಲಿನ ಗೋಡೆಯ ಹೊರಹೊದಿಕೆಯ, ಹಿಂದಕ್ಕೆ ತೂರಿಸಿ, ಹೊರಕ್ಕೆ ಇಳಿಜಾರು ಕೊಟ್ಟೆ. ದುಡ್ಡು ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿ.

ಅಟ್ಲಾಂಟಾದ ಭಾವ ಫೋಟೋ ನೋಡಿ, "ನಮ್ಮನೆಗೂ ಹೀಗೇ ಮಾಡಿಸ್ಲಾ?" ಅಂತ ಕೇಳಿದರು. "ಬೇಡ ಭಾವ" ಅಂದೆ. ಜಾರ್ಜಿಯಾ, ಫ್ಲೋರಿಡಾಗಳಲ್ಲಿ ಗೆದ್ದಲಿನ ಕಾಟ ವಿಪರೀತ. ಮಣ್ಣೊಳಗಿನ ಫೋಮ್ ಅವಕ್ಕೆ ಯಾರ ಕಣ್ಣಿಗೂ ಬೀಳದ ದಾರಿ. ಅಲ್ಲಿ ಸಾಮಾನ್ಯವಾಗಿ ಕೋಡೇ ಒಪ್ಪುವುದಿಲ್ಲ.

ಕೊನೆಗೆ ಹತ್ತು ಅಡಿಗೆ ಆರಿಂಚಿನಂತೆ ಇಳಿಜಾರಾಗಿ ಮಣ್ಣು ಮುಚ್ಚಿ, ಗೋಡೆಯ ಬುಡಕ್ಕೆ ಜಲ್ಲಿ ಸುರಿದೆ. ಅಲ್ಲಿ ಹುಲ್ಲಿಲ್ಲ, ಟ್ರಿಮ್ಮರ್‌ಗೂ ಕೆಲಸವಿಲ್ಲ. ಮುಂದಿನ ವಸಂತದಲ್ಲಿ ಗ್ಯಾಸ್ ಪೈಪಿನ ಹತ್ತಿರ ಕೂದಲೆಳೆಯಷ್ಟು ಬಿರುಕು ಕಂಡಿತು. ಹಿಗ್ಗಿ ಕುಗ್ಗುವ ಎಲಾಸ್ಟೊಮೆರಿಕ್ ಪೇಂಟ್ ಬಳಿದೆ, ಮುಚ್ಚಿಕೊಂಡಿತು.