ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ? ಪೌತಿ ಖಾತೆ ಮಾಡಿಸುವ ಕ್ರಮ, ಸಾಲದ ಲೆಕ್ಕ, ಹೆಣ್ಣುಮಕ್ಕಳ ಪಾಲು

ತೊಗರಿ ರಾಶಿ ಮುಗಿದು ಖರೀದಿ ಕೇಂದ್ರದ ಮುಂದೆ ಪಾಳಿ ಹಚ್ಚುವ ಹೊತ್ತಿಗೆ ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಒಂದೇ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ಬಿತ್ತಿದವನು ಮಗ, ಪಹಣಿಯಲ್ಲಿ ಹೆಸರು ತೀರಿಕೊಂಡ ತಂದೆಯದು. ಬೆಂಬಲ ಬೆಲೆಗೆ ತೊಗರಿ ಹಾಕಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು, ಫ್ರೂಟ್ಸ್ ಐಡಿಗೆ ಪಹಣಿಯಲ್ಲಿ ಹೆಸರು ಬೇಕು. ಬೆಳೆ ಪರಿಹಾರ, ಬೆಳೆ ಸಾಲ, ಪಿಎಂ ಕಿಸಾನ್ ಹಣ ಎಲ್ಲಕ್ಕೂ ಇದೇ ಕಾಗದ ಅಡ್ಡ ನಿಲ್ಲುತ್ತದೆ. ಕೆಲವು ಮನೆಗಳಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಹಿರಿಯರು ಈಗಲೂ ವಿರಾಸತ್ ಎನ್ನುವುದುಂಟು. ಕೆಲಸ ಕಷ್ಟದ್ದಲ್ಲ. ಕಷ್ಟವಾಗುವುದು ಒಂದೇ ಕಾರಣಕ್ಕೆ: ಪೌತಿಯನ್ನೂ ವಾಟ್ನಿಯನ್ನೂ, ಅಂದರೆ ಹೊಲದ ಪಾಲನ್ನೂ, ಒಂದೇ ಎಂದು ತಿಳಿಯುವುದರಿಂದ. ಪೌತಿಯಲ್ಲಿ ಹೊಲ ಹಂಚಿಕೆಯಾಗುವುದಿಲ್ಲ. ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂಡುತ್ತದೆ, ಅಷ್ಟೆ. ಯಾರಿಗೆ ಯಾವ ದಿಕ್ಕಿನ ಹೊಲ ಎಂಬುದು ಆಮೇಲಿನ ಮಾತು. ಭಾಗದ ಜಗಳ ಮುಗಿಯಲಿ, ಆಮೇಲೆ ಹೆಸರು ಕೂಡಿಸೋಣ ಎಂದು ಕಾಯುವ ಮನೆಗಳಲ್ಲಿ ಎರಡೂ ಆಗದೆ ಇನ್ನೊಂದು ತಲೆಮಾರು ಕಳೆಯುತ್ತದೆ.

ಮೊದಲ ಕಾಗದ: ಮರಣ ಪ್ರಮಾಣಪತ್ರ

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. 21ರಿಂದ 30 ದಿನದವರೆಗೆ ತಡದ ಶುಲ್ಕ ಕಟ್ಟಿದರೆ ಆಗುತ್ತದೆ. 30 ದಿನ ದಾಟಿ ಒಂದು ವರ್ಷದೊಳಗಿದ್ದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಅಜ್ಜನ ಹೆಸರಿನ ಪಹಣಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ, ಅಜ್ಜ ತೀರಿಕೊಂಡದ್ದು ಯಾವ ದಫ್ತರದಲ್ಲೂ ಏರಿರುವುದಿಲ್ಲ. ಅಂಥವರು ಪೌತಿ ಅರ್ಜಿ ಬರೆಯುವುದಕ್ಕಿಂತ ಮೊದಲು ಈ ಆದೇಶದ ಕೆಲಸ ಹಚ್ಚಿಕೊಳ್ಳಬೇಕು.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ, ಕಿಟಕಿಯ ಮುಂದೆ ನಿಂತಿರುವಾಗಲೇ, ಹೆಸರನ್ನು ಪಹಣಿಯಲ್ಲಿ ಮಾಲೀಕರ ಹೆಸರಿರುವ ಕಾಲಂ 9ರ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಪಹಣಿಯಲ್ಲಿ 'ಶರಣಪ್ಪ ತಂದೆ ಬಸಪ್ಪ' ಎಂದಿರುತ್ತದೆ. ಆಧಾರ್‌ನಲ್ಲಿ ಅದೇ ಮನುಷ್ಯ 'ಶರಣಬಸಪ್ಪ', ಜೊತೆಗೊಂದು ಅಡ್ಡಹೆಸರು. ಮರಣಪತ್ರದಲ್ಲಿ 'ಶರಣಪ್ಪಾ', ತಂದೆಯ ಹೆಸರು 'ಬಸವಣ್ಣಪ್ಪ'. ಮನೆಯವರಿಗೆ ಇದು ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ಮೂವರು. ಸಣ್ಣ ವ್ಯತ್ಯಾಸವಾದರೆ ಮೂರೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿ ಮುಂದೆ ಮಾಡಿಸಿ ಅರ್ಜಿಗೆ ಲಗತ್ತಿಸಿ. ತಂದೆಯ ಹೆಸರೇ ಬೇರೆ ಬಿದ್ದಿದ್ದರೆ ಮರಣಪತ್ರವನ್ನೇ ತಿದ್ದಿಸಿ.

ವಂಶಾವಳಿ: ಇಲ್ಲಿ ಬಿಟ್ಟ ಹೆಸರು ಮುಂದೆ ಕೋರ್ಟಿನಲ್ಲಿ ಏಳುತ್ತದೆ

ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಂದ ವಂಶಾವಳಿ ಶುರುವಾಗಬೇಕು. ಹೆಸರು ಅಜ್ಜನದಾದರೆ ಅಜ್ಜನ ಎಲ್ಲ ಮಕ್ಕಳು, ಅವರಲ್ಲಿ ತೀರಿಕೊಂಡವರ ಹೆಂಡತಿ ಅಥವಾ ಗಂಡ, ಮಕ್ಕಳು, ಎಲ್ಲರೂ ಬರಬೇಕು. ಮದುವೆಯಾಗಿ ಆಳಂದಕ್ಕೋ ಸೊಲ್ಲಾಪುರಕ್ಕೋ ಹೋದ ಅತ್ತೆಯಂದಿರು, ಅಕ್ಕತಂಗಿಯರು ಕೂಡ.

ಈ ಕೊನೆಯ ಮಾತನ್ನು ಒತ್ತಿ ಹೇಳಲೇಬೇಕು. 'ಮದುವಿ ಮಾಡಿ ಕೊಟ್ಟೀವಿ, ಬಂಗಾರ ಹಾಕೀವಿ, ಹೊಲದಾಗ ಅಕಿದೇನು' ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಇರುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ. ಪಿತ್ರಾರ್ಜಿತದಲ್ಲಿ ಮಗನಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ. ಆ ದಿನ ತಂದೆ ಬದುಕಿರಲೇಬೇಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನಿಜವಾಗಿ ಆಗಿಹೋದ ಪಾಲು, ಮಾರಾಟಗಳನ್ನು ಮಾತ್ರ ಈ ತಿದ್ದುಪಡಿ ಮುಟ್ಟುವುದಿಲ್ಲ. ಅಂಥ ಪಾಲು ಆಗಿತ್ತೆಂದು ಈಗ ಬಾಯಿಮಾತಿನಲ್ಲಿ ಹೇಳಿದರೆ ಕೋರ್ಟು ಸುಲಭಕ್ಕೆ ಒಪ್ಪದು, ಆ ಕಾಲದ ಸರ್ಕಾರಿ ದಾಖಲೆ ಕೇಳುತ್ತದೆ.

ಈ ಕಾಯ್ದೆ ಯಾರಿಗೆ ಅನ್ವಯ ಎಂಬ ಗೊಂದಲ ನಮ್ಮ ಭಾಗದಲ್ಲಿದೆ. ವೀರಶೈವರು, ಲಿಂಗಾಯತರು ಎಂದು ಹೆಸರು ಹಿಡಿದೇ ಕಾಯ್ದೆಯ 2ನೇ ಕಲಮಿನಲ್ಲಿ ಬರೆದಿದೆ. ಬೌದ್ಧರು, ಜೈನರು, ಸಿಖ್ಖರಿಗೂ ಇದೇ ಅನ್ವಯ. ಪರಿಶಿಷ್ಟ ಪಂಗಡಗಳಿಗೆ ಮಾತ್ರ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಇದು ನೇರವಾಗಿ ಅನ್ವಯಿಸದು. ಅವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಮುಸ್ಲಿಂ ಕುಟುಂಬಗಳಲ್ಲಿ ಶರೀಅತ್‌ನಂತೆ ಲೆಕ್ಕ.

ಲೆಕ್ಕವನ್ನು ಗುಂಟೆಯಲ್ಲೇ ಮಾಡಿ ನೋಡೋಣ. ತಂದೆ ಸ್ವಂತ ದುಡಿಮೆಯಿಂದ ಕೊಂಡ 7 ಎಕರೆ 20 ಗುಂಟೆ ಹೊಲ ಬಿಟ್ಟು ತೀರಿಕೊಂಡಿದ್ದಾರೆ, ಮೃತ್ಯುಪತ್ರ (ವಿಲ್) ಬರೆದಿಲ್ಲ. ಎಕರೆಗೆ 40 ಗುಂಟೆಯಂತೆ ಒಟ್ಟು 300 ಗುಂಟೆ. ಹೆಂಡತಿ, ತಂದೆಯ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಐವರಿಗೂ ತಲಾ 60 ಗುಂಟೆ, ಅಂದರೆ 1 ಎಕರೆ 20 ಗುಂಟೆ. ಅಜ್ಜಿಯನ್ನು ಮರೆಯುವವರೇ ಹೆಚ್ಚು, ಆಕೆ ಮೊದಲ ದರ್ಜೆಯ ವಾರಸುದಾರಳು. ಗಂಡುಮಕ್ಕಳಲ್ಲಿ ಒಬ್ಬ ತಂದೆಗಿಂತ ಮೊದಲೇ ಹೋಗಿದ್ದು ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ಅವನ 60 ಗುಂಟೆ ಆ ಮೂವರಿಗೆ ತಲಾ 20. ಪಿತ್ರಾರ್ಜಿತ ಹೊಲವಾದರೆ ಮೊದಲು ಕೂಡು ಕುಟುಂಬದಲ್ಲಿ ತಂದೆಯ ಪಾಲೆಷ್ಟು ಎಂದು ತೆಗೆದು, ಆ ಪಾಲನ್ನಷ್ಟೇ ಮತ್ತೆ ಹಂಚಬೇಕಾಗುತ್ತದೆ. ತಾಯಿಗೆ ಬರುವ ಅಂಶ ಇಲ್ಲಿ ಬೇರೆಯಾಗುತ್ತದೆ, ಇದನ್ನು ವಕೀಲರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಮುಸ್ಲಿಂ ಕುಟುಂಬದಲ್ಲಿ 6 ಎಕರೆ, ಅಂದರೆ 240 ಗುಂಟೆ ಇದ್ದು, ಹೆಂಡತಿ, ಒಬ್ಬ ಮಗ, ಒಬ್ಬ ಮಗಳು ಉಳಿದಿದ್ದರೆ ಹೆಂಡತಿಗೆ ಎಂಟನೇ ಒಂದು ಭಾಗವಾದ 30, ಉಳಿದ 210ರಲ್ಲಿ ಮಗನಿಗೆ 140, ಮಗಳಿಗೆ 70.

ಎರಡನೇ ಸಂಬಂಧದ ಮಕ್ಕಳ ವಿಷಯವನ್ನು ಮುಚ್ಚಿಡಬೇಡಿ. ಮೊದಲ ಮದುವೆ ಇರುವಾಗಲೇ ಆದ ಎರಡನೇ ಮದುವೆಯ ಹೆಂಡತಿ ಹಿಂದೂ ಕಾನೂನಿನಲ್ಲಿ ವಾರಸುದಾರಳಲ್ಲ. ಆದರೆ ಆಕೆಯ ಮಕ್ಕಳಿಗೆ ತಂದೆಯ ಪಾಲಿನಲ್ಲಿ ಹಕ್ಕಿದೆ. ಕೂಡು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ.

ಅರ್ಜಿ ಹಾಕುವುದು

ಮರಣಪತ್ರ, ವಂಶಾವಳಿ, ಎಲ್ಲ ವಾರಸುದಾರರ ಆಧಾರ್, ಈಗಿನ ಪಹಣಿ, ಬೇಕಿದ್ದರೆ ಅಫಿಡವಿಟ್. ಇಷ್ಟು ಹಿಡಿದು ಹೋಬಳಿಯ ನಾಡಕಚೇರಿಗೆ ಹೋಗಿ. ಹೊಲ ಎರಡು ಊರಿನ ಸೀಮೆಯಲ್ಲಿದ್ದರೆ ಪ್ರತಿಯೊಂದು ಸರ್ವೆ ನಂಬರೂ ಅರ್ಜಿಯಲ್ಲಿ ಬಂದಿದೆಯೇ ನೋಡಿ. ಒಂದು ನಂಬರು ಬಿಟ್ಟುಹೋದರೆ ಅದು ಸತ್ತವರ ಹೆಸರಲ್ಲೇ ಉಳಿಯುತ್ತದೆ. ಸ್ವೀಕೃತಿ ಚೀಟಿ ಇಲ್ಲದೆ ಅಲ್ಲಿಂದ ಎದ್ದು ಬರಬೇಡಿ, ಅದರ ಮೇಲಿನ ಸಂಖ್ಯೆ ಇದ್ದರೆ ಮಾತ್ರ ಅರ್ಜಿ ಎಲ್ಲಿದೆ ಎಂದು ಕೇಳಲು ಬರುತ್ತದೆ. ಕಾಗದವನ್ನು ತಲಾಟಿಯವರ ಕೈಗೆ ಕೊಟ್ಟು ಬಂದೆವು ಎನ್ನುವುದು ಅರ್ಜಿಯಲ್ಲ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರುಮಾಡಿದ ಮೇಲೆ ಗ್ರಾಮ ಆಡಳಿತಾಧಿಕಾರಿಗಳೇ, ಅಂದರೆ ನಮ್ಮ ತಲಾಟಿಗಳೇ, ಮನೆಗೆ ಬಂದು ವಾರಸುದಾರರ ವಿವರ ದಾಖಲಿಸುವುದೂ ಇದೆ. ಅವರು ಬಂದಾಗಲೂ ವಾರಸುದಾರರ ಪಟ್ಟಿಯನ್ನು ಓದಿಸಿ ಕೇಳಿ.

ಭೂ ಕಂದಾಯ ಕಾಯ್ದೆಯ 128ನೇ ಕಲಮಿನಂತೆ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕು. ತಡವಾದರೆ ಹಕ್ಕೇನೂ ಹೋಗುವುದಿಲ್ಲ, ಹೆದರಬೇಡಿ.

ಅರ್ಜಿ ಪಹಣಿ ದಾಖಲೆಗಳ 'ಭೂಮಿ' ತಂತ್ರಾಂಶಕ್ಕೆ ಏರಿದ ಮೇಲೆ ನೋಟಿಸು ಹೊರಡುತ್ತದೆ. ಅದು ಸಂಬಂಧಪಟ್ಟವರಿಗೆ ತಲುಪಬೇಕು, ಊರಲ್ಲಿ ಅಂಟಿಸಬೇಕು. ನೋಟಿಸಿನ ಅವಧಿಯಲ್ಲಿ ಯಾರೂ ತಕರಾರು ಮಾಡದಿದ್ದರೆ ಕಂದಾಯ ನಿರೀಕ್ಷಕರು, ಊರವರ ಬಾಯಲ್ಲಿ ಗಿರದಾವರರು, ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಮಂಜೂರು ಮಾಡುತ್ತಾರೆ. ತಕರಾರು ಬಂದರೆ ಪ್ರಕರಣ ವಿವಾದಿತ ವಹಿಗೆ ಹೋಗಿ ವಿಚಾರಣೆ ನಡೆಯುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ ಅದು ತಲುಪಿದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಕಲಬುರಗಿ ಜಿಲ್ಲೆಯಲ್ಲಿ ಈ ಕಚೇರಿ ಕಲಬುರಗಿ ಮತ್ತು ಸೇಡಂನಲ್ಲಿದೆ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣದಲ್ಲಿ. ಅದರ ಮೇಲೆ ಜಿಲ್ಲಾಧಿಕಾರಿ.

ಆದರೆ ಒಂದು ಮಾತು. ಮೃತ್ಯುಪತ್ರ ಖರೆಯೋ ಖೊಟ್ಟಿಯೋ, ದತ್ತಕ ಆಗಿತ್ತೋ ಇಲ್ಲವೋ ಎಂಬುದನ್ನು ಕಂದಾಯ ಕಚೇರಿ ತೀರ್ಮಾನಿಸುವಂತಿಲ್ಲ, ಅದು ಸಿವಿಲ್ ಕೋರ್ಟಿನ ಕೆಲಸ. ಅಂಥ ಜಗಳವಿದ್ದವರು ತಹಶೀಲ್ ಕಚೇರಿಗೆ ವರ್ಷಗಟ್ಟಲೆ ಅಲೆಯುವ ಬದಲು ನೇರವಾಗಿ ದಾವೆ ಹೂಡುವುದೇ ಸರಿ. ಪಹಣಿಯಲ್ಲಿ ಹೆಸರು ಬಂತೆಂದು ಮಾಲೀಕತ್ವ ಹುಟ್ಟುವುದಿಲ್ಲ, ಹೆಸರು ಬಿಟ್ಟುಹೋಯಿತೆಂದು ಪಾಲು ಸಾಯುವುದೂ ಇಲ್ಲ. ಅಣ್ಣತಮ್ಮಂದಿರು ತಮ್ಮಷ್ಟಕ್ಕೆ ಹೆಸರು ಏರಿಸಿಕೊಂಡದ್ದು ಗೊತ್ತಾದ ತಂಗಿ ಈ ಎರಡನೇ ಮಾತನ್ನು ನೆನಪಿಡಬೇಕು.

ತಂಗಿ ತಾನಾಗಿಯೇ ಪಾಲು ಬಿಡುವುದಾದರೆ

ಬಿಡಬಹುದು, ಅದು ಅವಳ ಇಷ್ಟ. ಆದರೆ ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸಿ, ನೋಟರಿ ಸಿಕ್ಕಾ ಹಾಕಿಸಿದರೆ ಹಕ್ಕು ಬಿಟ್ಟಂತಾಗುವುದಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ತಂದೆಯ ದಿನದ (ಉತ್ತರಕ್ರಿಯೆಯ) ಮನೆಯಲ್ಲಿ, ದುಃಖದಲ್ಲಿರುವ ಹೆಣ್ಣುಮಕ್ಕಳ ಮುಂದೆ ಕಾಗದ ಹಿಡಿಯುವುದು ಸರಿಯಲ್ಲ. ಹಾಗೆ ಪಡೆದ ಸಹಿಯೇ ಮುಂದೆ ಒತ್ತಾಯದ ಸಹಿ ಎಂದು ಕೋರ್ಟಿನಲ್ಲಿ ಬರುತ್ತದೆ.

ವಾಟ್ನಿಗೆ ಬೇರೆ ದಾರಿ. ಎಲ್ಲರ ಹೆಸರು ಜಂಟಿಯಾಗಿ ಬಂದ ಮೇಲೆ 11ಇ ನಕ್ಷೆಗೆ ಅರ್ಜಿ ಹಾಕಿ. ಭೂಮಾಪಕರು ಅಳತೆ ಮಾಡಿ ಪಾಲುಗಳನ್ನು ಗುರುತಿಸಿಕೊಡುತ್ತಾರೆ. ಅದರ ಮೇಲೆ ಪಾಲುಪತ್ರ ನೋಂದಣಿಯಾದರೆ ಖಾತೆ ಬೇರೆಯಾಗುತ್ತದೆ. ಅಳತೆಯ ದಿನ ಎಲ್ಲರೂ ಬದುವಿನ ಮೇಲೆ ಹಾಜರಿರಬೇಕು. ಬಾವಿ, ಬೋರ್‌ವೆಲ್, ಹೊಲಕ್ಕೆ ಹೋಗುವ ದಾರಿ ಯಾರ ಪಾಲಿಗೆ, ಉಳಿದವರಿಗೆ ನೀರು ಮತ್ತು ಚಕ್ಕಡಿ ದಾರಿ ಹೇಗೆ ಎಂಬುದನ್ನು ಪಾಲುಪತ್ರದಲ್ಲೇ ಬರೆಸಿ. ಎರೆ ಹೊಲದಲ್ಲಿ ಮಳೆಗಾಲಕ್ಕೆ ದಾರಿ ಇಲ್ಲದ ಪಾಲು ಬಿತ್ತಲು ಬಾರದ ಪಾಲು. ಅಪ್ರಾಪ್ತ ಮಕ್ಕಳ ಹೆಸರಿಗೆ ಬಂದ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರಬಾರದು.

ಸಾಲ ಯಾರ ಮೇಲೆ?

ಪಹಣಿಯ ಕಾಲಂ 11ರಲ್ಲಿ ಸೊಸೈಟಿಯದೋ ಬ್ಯಾಂಕಿನದೋ ಬೋಜಾ (ಸಾಲದ ಹೊರೆ) ಇದ್ದರೆ ಪೌತಿಯಾದ ಮೇಲೂ ಅದು ಹೊಲದ ಜೊತೆ ಮುಂದುವರಿಯುತ್ತದೆ. ಹೊಲ ಪಡೆದವರು ಆ ಸಾಲಕ್ಕೆ ಹೊಣೆ, ಆದರೆ ತಂದೆಯಿಂದ ಬಂದ ಆಸ್ತಿಯ ಮಟ್ಟಿಗಷ್ಟೇ. ತಂದೆ ಏನೂ ಬಿಟ್ಟು ಹೋಗಿಲ್ಲದಿದ್ದರೆ ಮಗನ ಸ್ವಂತ ದುಡಿಮೆ, ಸಂಬಳ, ಹೆಂಡತಿಯ ಬಂಗಾರದ ಮೇಲೆ ಸಾಲ ಕೊಟ್ಟವರಿಗೆ ಹಕ್ಕಿಲ್ಲ. ಮಗ ತಾನೇ ಜಾಮೀನು ಹಾಕಿದ್ದರೆ ಮಾತ್ರ ಬೇರೆ ಮಾತು. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಶಾಸ್ತ್ರದ ಆಧಾರದ ಮೇಲಷ್ಟೇ ವಸೂಲಿ ಮಾಡುವುದನ್ನು 2005ರ ತಿದ್ದುಪಡಿ ಕೈಬಿಟ್ಟಿದೆ, ಅದಕ್ಕಿಂತ ಹಿಂದಿನ ಸಾಲಗಳನ್ನು ಹೊರತುಪಡಿಸಿ.

ಕೈಗಡ ಕೊಟ್ಟವರು ದಿನದ ಕಾರ್ಯದೊಳಗೇ ಬಂದು ಹೊಸ ಪ್ರಾಮಿಸರಿ ನೋಟಿಗೆ ಸಹಿ ಕೇಳುತ್ತಾರೆ. ಹಾಕಬೇಡಿ. ನೋಟು ಬರೆದ ದಿನದಿಂದ, ಅಥವಾ ಗಡುವು ಬರೆದಿದ್ದರೆ ಆ ದಿನದಿಂದ, ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಸಾಮಾನ್ಯವಾಗಿ ಕೋರ್ಟಿನಲ್ಲಿ ವಸೂಲಿ ಆಗದು. ಮಗ ಹೊಸ ನೋಟು ಬರೆದುಕೊಟ್ಟ ಕ್ಷಣ ಅದು ಮಗನ ಸ್ವಂತ ಸಾಲವಾಗಿಬಿಡುತ್ತದೆ. ಹಳೆಯ ನೋಟಿನ ನಕಲು ಕೇಳಿ, ತಾರೀಖು ನೋಡಿ, ಕೊಡಬೇಕಾದ್ದು ನಿಜವಿದ್ದರೆ ರಸೀದಿ ಪಡೆದು ಕೊಡಿ.

ಇದರ ಜೊತೆಗೇ ತಂದೆಯ ಬ್ಯಾಂಕ್ ಪಾಸ್‌ಬುಕ್ಕನ್ನು ಮೊದಲ ವಾರದಲ್ಲೇ ತೆಗೆದು ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ, ಯಾವ ಕಾರಣದ ಸಾವಿಗೂ 2 ಲಕ್ಷ ರೂಪಾಯಿ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಈ ಎರಡು ಸಣ್ಣ ಸಾಲುಗಳನ್ನು ಯಾರೂ ನೋಡದೆ ಹಣ ಕೇಳದೇ ಉಳಿಯುವುದು ನೋವಿನ ಸಂಗತಿ. ಸ್ವಸಹಾಯ ಸಂಘ ಅಥವಾ ಮೈಕ್ರೋಫೈನಾನ್ಸ್ ಸಾಲವಿದ್ದರೆ ಅದಕ್ಕೂ ವಿಮೆ ಇತ್ತೇ ಎಂದು ಬರಹದಲ್ಲಿ ಕೇಳಿ. ಖಾತೆಗೆ ನಾಮಿನಿ ಆದವರು ಹಣ ತೆಗೆದುಕೊಳ್ಳಬಹುದು, ಆದರೆ ನಾಮಿನಿ ಎಂದರೆ ವಾರಸುದಾರರ ಪರವಾಗಿ ಹಣ ಪಡೆಯುವವರು, ಅಷ್ಟರಿಂದಲೇ ಹಣದ ಒಡೆಯರಾಗುವುದಿಲ್ಲ.

ಕೆಲಸ ಅರ್ಧಕ್ಕೆ ನಿಂತರೆ

ಪಾಲು ಕೊಡಲು ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪಾಲು ದಾವೆ ಹೂಡಬೇಕು. ದಾವೆ ನಡೆಯುವಾಗ ಯಾರಾದರೂ ಹೊಲ ಮಾರಿದರೂ ಕೊಂಡವರು ಕೋರ್ಟಿನ ತೀರ್ಪಿಗೆ ಬದ್ಧರು. ವಕೀಲರ ಫೀಸಿಗೆ ಹಣವಿಲ್ಲವೆಂದು ಹೆಣ್ಣುಮಕ್ಕಳು ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬೇಕು, ಇಲ್ಲವೇ 15100ಕ್ಕೆ ಫೋನ್ ಮಾಡಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸಾಗುತ್ತದೆ. ಆ ತೀರ್ಪಿನ ಮೇಲೆ ಅಪೀಲು ಇಲ್ಲ, ಹಾಗಾಗಿ ರಾಜಿಪತ್ರದ ಸರ್ವೆ ನಂಬರು, ಗುಂಟೆ, ದಿಕ್ಕುಗಳನ್ನು ಸಹಿಗೆ ಮೊದಲು ಎರಡು ಸಲ ಓದಿಸಿ ಕೇಳಿ.

ಮ್ಯುಟೇಶನ್ ಮಂಜೂರಾದ ಮೇಲೆ ಹೊಸ ಪಹಣಿ ತೆಗೆಸಿ ಕಾಲಂ 9ರಲ್ಲಿ ಎಲ್ಲರ ಹೆಸರು ಸರಿಯಾಗಿ ಬಂದಿದೆಯೇ, ಒಟ್ಟು ಎಕರೆ ಗುಂಟೆ ಹಳೆಯದಕ್ಕೆ ತಾಳೆಯಾಗುತ್ತದೆಯೇ, ಕಾಲಂ 10ರಲ್ಲಿ ಮ್ಯುಟೇಶನ್ ಸಂಖ್ಯೆ ಇದೆಯೇ ನೋಡಿ. ಮ್ಯುಟೇಶನ್ ಪ್ರತಿಯನ್ನು ಆಗಲೇ ತೆಗೆಸಿ ಇಟ್ಟುಕೊಳ್ಳಿ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಹೊಸ ಪಹಣಿಯನ್ನು ಫ್ರೂಟ್ಸ್‌ಗೆ ಜೋಡಿಸಿ, ಪಿಎಂ ಕಿಸಾನ್‌ಗೆ ವಾರಸುದಾರರ ಹೆಸರಲ್ಲಿ ಹೊಸದಾಗಿ ನೋಂದಾಯಿಸಿ. 2019ರ ಫೆಬ್ರುವರಿ 1ರ ನಂತರ ಹೆಸರಿಗೆ ಬಂದ ಹೊಲಕ್ಕೆ ಆ ಯೋಜನೆ ಇಲ್ಲವೆಂದು ಯಾರಾದರೂ ಹೇಳಿದರೆ, ಸಾವಿನಿಂದ ವಾರಸಾಗಿ ಬಂದ ಹೊಲಕ್ಕೆ ಆ ಗಡುವು ಅನ್ವಯಿಸದೆಂದು ಹೇಳಿ ಮರಣಪತ್ರ, ಮ್ಯುಟೇಶನ್ ಎರಡನ್ನೂ ಮುಂದಿಡಿ. ಊರೊಳಗಿನ ಮನೆ, ಖುಲ್ಲಾ ಜಾಗ ಪಹಣಿಯಲ್ಲಿ ಬರುವುದಿಲ್ಲ, ಅವಕ್ಕೆ ಗ್ರಾಮ ಪಂಚಾಯಿತಿಯಲ್ಲಿ ಬೇರೆಯೇ ಅರ್ಜಿ ಕೊಡಬೇಕು.