ರಾಜಮುಡಿಯ ಎತ್ತರ ಇಳಿಸಲು ಹೊರಟಾಗ

ರಾಜಮುಡಿ ಅಕ್ಕಿ ಉಂಡವರಿಗೆ ಅದರ ರುಚಿ ಹೇಳಬೇಕಿಲ್ಲ. ಆದರೆ ಪೈರು ಎತ್ತರ. ತೆನೆ ತೂಗುವ ಹೊತ್ತಿಗೆ ಮಳೆಗಾಳಿ ಬಂದರೆ ಗದ್ದೆಯೇ ಮಲಗಿಬಿಡುತ್ತದೆ. ಗಿಡ್ಡ ತಳಿಯೊಂದಿಗೆ ಸಂಕರ ಮಾಡಿದರೆ ಆ ತಳಿಯ ಬೇಡದ ಗುಣಗಳೂ ಜೊತೆಗೇ ಬರುತ್ತವೆ. ಅಕ್ಕಿ ಹಾಗೇ ಇರಬೇಕು, ಎತ್ತರ ಮಾತ್ರ ಇಳಿಯಬೇಕು. ಅದಕ್ಕೇ ನಾನು ಜೀನ್‌ಗಳಲ್ಲಿ ಬದಲಾವಣೆ ತರುವ ಗಾಮಾ ಕಿರಣದ ದಾರಿ ಹಿಡಿದೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ರೋಸ್ 76 ಎಂಬ ಗಿಡ್ಡ ಭತ್ತ ಹುಟ್ಟಿದ್ದೂ ಹೀಗೆಯೇ.

ಒಣ ಬೀಜಕ್ಕೆ 200ರಿಂದ 300 ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ) ಕೊಡುವುದು ವಾಡಿಕೆ. ಆದರೆ ಬೀಜದ ಭ್ರೂಣದಲ್ಲಿ ಕೋಶಗಳು ಹಲವು. ಬದಲಾವಣೆ ಒಂದರಲ್ಲಾದರೆ ಒಂದೆರಡು ತೆಂಡೆಗಳಲ್ಲಷ್ಟೇ ಉಳಿಯುತ್ತದೆ. ಕ್ಯಾಲಸ್ ಎಂದರೆ ಇನ್ನೂ ಬೇರು, ಎಲೆ ಆಗದ ಕೋಶಗಳ ಮುದ್ದೆ. ಅದರ ಕೆಲವೇ ಕೋಶಗಳಿಂದ ಸಸಿ ಚಿಗುರಿದರೆ ಇಡೀ ಗಿಡವೇ ಬದಲಾದದ್ದಾಗಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಕ್ಯಾಲಸ್ ಆರಿಸಿಕೊಂಡೆ.

ಸಿಪ್ಪೆ ಸುಲಿದು ಶುದ್ಧಿಮಾಡಿದ ಕಾಳನ್ನು ಸಸ್ಯಕೋಶಗಳಿಗೆ ಬೇಕಾದ ಪೋಷಕಾಂಶಗಳಿರುವ ಎಂಎಸ್ ಮಾಧ್ಯಮದ ಮೇಲೆ ಕತ್ತಲಲ್ಲಿಟ್ಟೆ. ಅದರಲ್ಲಿ ಲೀಟರಿಗೆ 2 ಮಿಲಿಗ್ರಾಂ 2,4-ಡಿ. ರೈತರು ಕಳೆ ಸಾಯಿಸಲು ಹೊಡೆಯುವ ಅದೇ ರಾಸಾಯನಿಕ ಇಷ್ಟು ಕಡಿಮೆಯಾದಾಗ ಕ್ಯಾಲಸ್ ಬೆಳೆಸುತ್ತದೆ! ಗಟ್ಟಿಯಾದ, ಹರಳುಹರಳಾದ ಮುದ್ದೆಗಳನ್ನಷ್ಟೇ ಆರಿಸಿ ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಒಡ್ಡಿಸಿದೆ. ಕ್ಯಾಲಸ್ ತುಂಬ ನೀರಿರುವುದರಿಂದ ಬೀಜದ ಪ್ರಮಾಣವನ್ನು ಅದು ತಾಳುವುದಿಲ್ಲ. 50 ಗ್ರೇ ದಾಟಲಿಲ್ಲ. ಕೂಡಲೇ ಹೊಸ ಮಾಧ್ಯಮಕ್ಕೆ ಬದಲಿಸಿದೆ.

ನಿಜವಾದ ಕಷ್ಟ ಸಸಿ ಪಡೆಯುವುದರಲ್ಲಿ. ನಮ್ಮ ಇಂಡಿಕಾ ಗುಂಪಿನ ಭತ್ತಗಳು ಜಪಾನಿಕಾ ಎಂಬ ಇನ್ನೊಂದು ಗುಂಪಿನವುಗಳಷ್ಟು ಸುಲಭವಾಗಿ ಚಿಗುರುವುದಿಲ್ಲ. ಚಿಗುರಿದರೂ ಹಲವು ಹಾಲಿನಷ್ಟು ಬಿಳಿ. ಪತ್ರಹರಿತ್ತಿಲ್ಲದೆ ಮಣ್ಣಿಗೆ ಬಂದರೆ ಬದುಕವು.

ಕಿರಣ ತಾಗದ ಕ್ಯಾಲಸ್‌ನಿಂದಲೂ ಒಂದಷ್ಟು ಸಸಿ ಎಬ್ಬಿಸಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೀಗೆ ಮಾಧ್ಯಮದ ಮೇಲೆ ಕೋಶ ಬೆಳೆಸುವ ಅಂಗಾಂಶ ಕೃಷಿಯೇ ತನ್ನಷ್ಟಕ್ಕೆ ವ್ಯತ್ಯಾಸ ತರುತ್ತದೆ. ಈ ಹೋಲಿಕೆಯಿಲ್ಲದಿದ್ದರೆ ಯಾವುದು ಕಿರಣದ ಕೆಲಸ, ಯಾವುದು ಮಾಧ್ಯಮದ್ದು ಎಂದು ಹೇಳಲಾಗದು.

ಮೊದಲ ತಲೆಮಾರಿನ ಗಿಡ್ಡ ಗಿಡ ನೋಡಿ ಹಿಗ್ಗಬೇಡಿ. ಅದು ಬಹುಪಾಲು ಪೆಟ್ಟು ತಿಂದ ಗಿಡ, ಮುಂದಿನ ತಲೆಮಾರಿಗೆ ಆ ಗುಣ ಹೋಗದು. ಗಿಡ್ಡತನ ಸಾಮಾನ್ಯವಾಗಿ ಅಡಗಿರುವ ಗುಣ. ಎರಡನೇ ತಲೆಮಾರಿನಲ್ಲಿ ನಾಲ್ಕರಲ್ಲೊಂದು ಪಾಲು ಹೊರಬೀಳುತ್ತದೆ. ಅದಕ್ಕೇ ಪ್ರತಿ ಗಿಡದ ತೆನೆಯನ್ನೂ ಬೇರೆ ಚೀಲದಲ್ಲಿಟ್ಟು, ಬೇರೆ ಸಾಲಿನಲ್ಲೇ ನಾಟಿ ಮಾಡಿದೆ. ಹಾಗೆ ಸಿಕ್ಕ ಗಿಡ್ಡ ಸಾಲುಗಳಲ್ಲಿ ಜೊಳ್ಳು ಹೆಚ್ಚಿದ್ದವನ್ನು ಬಿಟ್ಟೆ. ಉಳಿದವುಗಳ ಅಕ್ಕಿಯನ್ನು ಈಗ ಮೂಲ ರಾಜಮುಡಿಯ ಪಕ್ಕದಲ್ಲೇ ಬೇಯಿಸಿ, ಬಣ್ಣ, ಪರಿಮಳ, ಮೆದುತನ ನೋಡುತ್ತಿದ್ದೇವೆ.