ನಾಲ್ಕು ದಿನಕ್ಕೊಮ್ಮೆ ತಿಣುಕಿದ ಕಥೆ

ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಬಂದ ಎರಡೇ ತಿಂಗಳಲ್ಲಿ ನನ್ನ ಹೊಟ್ಟೆ ಕಟ್ಟಿತು. ದಿನವಿಡೀ ಎ.ಸಿ., ಬಿಳಿ ಅನ್ನ ಇಲ್ಲವೇ ನೂಡಲ್ಸ್, ನೀರು ನೆನಪಾದಾಗ ಮಾತ್ರ. ನಾಲ್ಕು ದಿನಕ್ಕೊಮ್ಮೆ ಹೋಗುವುದು, ಅದೂ ತಿಣುಕಿ.

ಆಫೀಸಿನ ಗೆಳತಿಯೊಬ್ಬಳು ಕರುಳು ತೊಳೆಯುವ ಚಹಾ ಅಂತ ಪೊಟ್ಟಣ ಕೊಟ್ಟಳು. ರಾತ್ರಿ ಕುಡಿದರೆ ಬೆಳಿಗ್ಗೆ ಕೆಲಸ ಆಗುತ್ತಿತ್ತು. ಐದು ವಾರ ಖುಷಿಯಾಗಿ ಕುಡಿದೆ. ಆಮೇಲೆ ಒಂದು ಪೊಟ್ಟಣ ಸಾಲದೆ ಎರಡು ಬೇಕಾಯಿತು. ಜೊತೆಗೆ ಹೊಟ್ಟೆ ನುಲಿತ. ಒಂದು ದಿನ ಪೊಟ್ಟಣ ಬಿಚ್ಚಿ ನೋಡಿದರೆ ಒಣಗಿದ ಸೋನಾಮುಖಿ ಎಲೆ! ಊರಲ್ಲಿ ಅಜ್ಜಿ ಗ್ರಂಧಿಗೆ ಅಂಗಡಿಯಿಂದ ತರಿಸುತ್ತಿದ್ದದ್ದೇ. ಚೀನಿಯರು ಇದನ್ನು 'ಫಾನ್ ಷಿಯೆ ಯೆ' ಅನ್ನುತ್ತಾರೆ. ಫಾನ್ ಅಂದರೆ ಪರದೇಶದ್ದು. ತಿರುನೆಲ್ವೇಲಿ ಸೋನಾಮುಖಿಗೆ ಹೊರದೇಶಗಳಲ್ಲೂ ಹೆಸರಿದೆ. ಚೀನಾ ಔಷಧಿ ಅಂತ ನಾನು ಕುಡಿದದ್ದು ನಮ್ಮೂರಲ್ಲೂ ಸಿಗುವ ಎಲೆಯನ್ನೇ.

ಕೊನೆಗೆ ಚೀನೀ ವೈದ್ಯರೊಬ್ಬರ ಹತ್ತಿರ ಹೋದೆ. ವಯಸ್ಸಾದವರು. ನಾಲಿಗೆ ನೋಡಿದರು, ಎರಡೂ ಕೈಯ ನಾಡಿ ಹಿಡಿದರು, ಮಲದಲ್ಲಿ ರಕ್ತ ಇದೆಯಾ ಅಂತ ಎರಡು ಸಲ ಕೇಳಿದರು. ಇದ್ದಿದ್ದರೆ ಮೊದಲು ಆಸ್ಪತ್ರೆಗೆ ಕಳಿಸುತ್ತಿದ್ದರಂತೆ. "ಹೊಳೆಯಲ್ಲಿ ನೀರಿಲ್ಲ, ನೀನು ದೋಣಿ ತಳ್ತಿದ್ದೀಯ" ಅಂದರು. ಅಂದರೆ ಕರುಳೇ ಒಣಗಿದೆ ಅಂತ.

ಕೊಟ್ಟದ್ದು 'ಮಾ ಝಿ ರೆನ್ ವಾನ್'. ಸುಮಾರು 1800 ವರ್ಷ ಹಿಂದೆ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟ ಗುಳಿಗೆ. ಮುಖ್ಯ ವಸ್ತು ಭಂಗಿ ಗಿಡದ ಬೀಜ. ನಶೆ ಏರುವುದಿಲ್ಲ, ಎಣ್ಣೆಯಂಶ ಮಾತ್ರ ಹೇರಳ! ಜೊತೆಗೆ ಏಪ್ರಿಕಾಟ್ ಬೀಜದ ತಿರುಳು, ಪಿಯೋನಿ ಹೂಗಿಡದ ಬೇರು, ಕಹಿ ಕಿತ್ತಳೆಯ ಎಳೆಕಾಯಿ, ಮ್ಯಾಗ್ನೋಲಿಯಾ ಮರದ ತೊಗಟೆ, ಭೇದಿ ಮಾಡಿಸುವ ರೇವಲ್ಚಿನ್ನಿ ಬೇರು. ಪುಡಿ ಮಾಡಿ ಜೇನಿನಲ್ಲಿ ಉಂಡೆ ಕಟ್ಟುತ್ತಾರೆ. ಕಡಿಮೆಯಿಂದ ಶುರುಮಾಡಿ, ಗುಣ ಕಾಣುವ ತನಕ ಸ್ವಲ್ಪ ಸ್ವಲ್ಪ ಏರಿಸು ಅಂತ ಹಳೆಯ ಗ್ರಂಥವೇ ಹೇಳುತ್ತದೆ. ನಾನು ಹಾಗೇ ಮಾಡಿದೆ. ನಾಲ್ಕನೇ ದಿನ ನುಲಿತವಿಲ್ಲದೆ ಸಲೀಸಾಗಿ ಆಯಿತು.

2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮಲಬದ್ಧತೆ ಇದ್ದ 291 ಜನರ ಮೇಲಿನ ಪ್ರಯೋಗವೊಂದು ಪ್ರಕಟವಾಯಿತು. ಒಂದು ಗುಂಪಿಗೆ ಈ ಔಷಧ, ಇನ್ನೊಂದಕ್ಕೆ ಸೋನಾಮುಖಿ, ಮತ್ತೊಂದಕ್ಕೆ ಹುಸಿ ಔಷಧ, 8 ವಾರ. ನಿಲ್ಲಿಸಿದ ಮೇಲೂ ಗುಣ ಉಳಿದದ್ದು ಈ ಔಷಧ ತಗೊಂಡವರಲ್ಲೇ ಜಾಸ್ತಿ.

ನನಗೆ ಮಜಾ ಅನ್ನಿಸಿದ್ದು ಬ್ಯಾಕ್ಟೀರಿಯಾ ವಿಷಯ. ಸೋನಾಮುಖಿಯಲ್ಲೂ ರೇವಲ್ಚಿನ್ನಿಯಲ್ಲೂ ಸೆನ್ನೊಸೈಡ್ ಎಂಬ ರಾಸಾಯನಿಕ ಇದೆ. ಅದು ತಾನಾಗಿ ಏನೂ ಮಾಡುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದ ಮೇಲೇ ಭೇದಿ. ಅಂದರೆ ಮದ್ದು ನಾವು ನುಂಗಿದರೂ ಅದನ್ನು ತಯಾರು ಮಾಡುವುದು ಅವು! ಹೀಗಿರುವಾಗ ಇಂಥ ಚಹಾದ ಪೊಟ್ಟಣದ ಮೇಲೆ 'ಕರುಳಿನ ಬ್ಯಾಕ್ಟೀರಿಯಾ ಸಮತೋಲನಕ್ಕೆ' ಅಂತ ಬರೆದಿದ್ದರೆ ನಾನು ನಂಬುವುದಿಲ್ಲ. ಅವಕ್ಕೆ ಬೇಕಾದದ್ದು ನಾರು. ಇಲ್ಲಿನ ಮಾರ್ಕೆಟ್ಟಿನಲ್ಲಿ ಗೆಣಸು, ಸೊಪ್ಪು ಧಾರಾಳ. ಊರಿಂದ ರಾಗಿ ಹಿಟ್ಟೂ ತರಿಸಿಕೊಂಡೆ.

ಆರು ವಾರಕ್ಕೆ ಗುಳಿಗೆ ನಿಲ್ಲಿಸಿದೆ. ಇದರಲ್ಲೂ ರೇವಲ್ಚಿನ್ನಿ ಇದೆಯಲ್ಲ, ವರ್ಷಗಟ್ಟಲೆ ತಿನ್ನುವುದಲ್ಲ. ಬಸುರಿಯರಿಗಂತೂ ಬೇಡವೇ ಬೇಡ ಅಂತ ಆ ವೈದ್ಯರು ಅಂದಿದ್ದರು.

ಈಗ ಹುರಿದ 'ಜ್ಯುವೆ ಮಿಂಗ್ ಝಿ' ಬೀಜದ ಕಷಾಯ ಯಾವಾಗಲಾದರೊಮ್ಮೆ ಕುಡಿಯುತ್ತೇನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಬೀಜ ತೋರಿಸಿದೆ. ಅಮ್ಮ ನಕ್ಕರು. "ಅಯ್ಯೋ, ಇದು ತಗಚೆ ಬೀಜ ಕಣೋ! ಮಳೆಗಾಲದಲ್ಲಿ ಸೊಪ್ಪು ಪಲ್ಯ ಮಾಡಿದ್ರೆ ಮೂಗು ಮುರೀತಿದ್ದೆ, ಅಲ್ಲಿ ದುಡ್ಡು ಕೊಟ್ಟು ಕುಡೀತೀಯಾ?"